ಕಂಚಿನ ದೊಡ್ಡ ಗಂಟೆ: ಮನೆಯಂಗಳದಲ್ಲಿ ಎರಕ ಹೊಯ್ಯುವುದು ಹೇಗೆ?

ಗಂಟೆಯ ಎರಕ ಎಂದೊಡನೆ ಎಲ್ಲರ ಕಣ್ಣು ಕುಲುಮೆಯತ್ತ ಹೋಗುತ್ತದೆ. ಆದರೆ ಕರಗಿದ ಕಂಚು ಅಚ್ಚಿನೊಳಗೆ ಇಳಿಯುವುದು ನಿಮಿಷದೊಳಗಿನ ಕೆಲಸ. ಅದಕ್ಕೂ ಮುಂಚಿನ ವಾರಗಳೆಲ್ಲ ಮಣ್ಣಿಗೆ ಸೇರಿದವು. ಗಂಟೆ ತುಂಬಿ ನುಡಿಯುತ್ತದೆಯೋ, ಒಡಕು ಸದ್ದು ಮಾಡುತ್ತದೆಯೋ ಎಂಬುದರ ಬಹುಪಾಲು ಮಣ್ಣಿನಲ್ಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಇಲ್ಲಿಯೂ ಹೆಚ್ಚಿನ ಜಾಗವನ್ನು ಅಚ್ಚಿಗೇ ಕೊಟ್ಟಿದ್ದೇನೆ.

ಮೊದಲು ಗಾತ್ರ ನಿರ್ಧಾರವಾಗಲಿ. ಬಾಯಿಯ ಅಗಲ 30 ಸೆಂ.ಮೀ. ಇರುವ ಗಂಟೆ ಸುಮಾರು 20 ಕಿಲೋ ತೂಗುತ್ತದೆ. ಆಕಾರ ಅದೇ ಇದ್ದು ಅಗಲ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ, ಸ್ವರ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಎತ್ತುವ ಯಂತ್ರವಿಲ್ಲದೆ ಇಬ್ಬರು ನಿಭಾಯಿಸಬಹುದಾದದ್ದು ಈ 30 ಸೆಂ.ಮೀ. ಗಂಟೆ, ಅದಕ್ಕಿಂತ ದೊಡ್ಡದಕ್ಕೆ ಕೈಹಾಕಬೇಡಿ. ಲೋಹ ಕರಗಿಸಿ ಅನುಭವವೇ ಇಲ್ಲದವರು ಮೊದಲು ನುರಿತ ಎರಕದವರ ಪಕ್ಕದಲ್ಲಿ ನಿಂತು, ಅಂಗೈಯಗಲದ ಗಂಟೆಗಳನ್ನು ಹೊಯ್ದು ಕಲಿಯಬೇಕು.

ಹಲಗೆ ಮತ್ತು ಮಣ್ಣು

ಗಂಟೆಯನ್ನು ನಟ್ಟನಡುವೆ ಸೀಳಿದರೆ ಕಾಣುವ ಅಂಚಿನ ರೇಖೆಯನ್ನು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಬರೆದುಕೊಳ್ಳಿ. ನಾಲಗೆ ಬಡಿಯುವ ಜಾಗ, ಅಂದರೆ ತುಟಿಗಿಂತ ತುಸು ಮೇಲಿನ ಸುತ್ತು, ಎಲ್ಲಕ್ಕಿಂತ ದಪ್ಪವಾಗಿರಬೇಕು. ಹಳೆಯ ಎರಕದವರ ಲೆಕ್ಕದಲ್ಲಿ ಅದು ಬಾಯಿಯ ಅಗಲದ ಹದಿಮೂರನೆಯ ಒಂದು ಭಾಗ. 30 ಸೆಂ.ಮೀ. ಗಂಟೆಗೆ ಸುಮಾರು 2.3 ಸೆಂ.ಮೀ. ಆಯಿತು. ಅಲ್ಲಿಂದ ಮೇಲಕ್ಕೆ ಗೋಡೆ ತೆಳುವಾಗುತ್ತಾ ಹೋಗಿ ನಡುಭಾಗದಲ್ಲಿ ಅದರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಕಂಚು ಆರುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುವುದರಿಂದ ಚಿತ್ರವನ್ನು ಅಷ್ಟು ಹಿಗ್ಗಿಸಿಯೇ ಬರೆಯಬೇಕು.

ಈ ರೇಖೆಗಳಿಗೆ ಸರಿಯಾಗಿ ಎರಡು ಹಲಗೆಗಳನ್ನು ಕತ್ತರಿಸಿ: ಒಂದು ಗಂಟೆಯ ಒಳಮೈಗೆ, ಇನ್ನೊಂದು ಹೊರಮೈಗೆ. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ಸಲಾಕೆಗೆ ಹಲಗೆಯನ್ನು ಸಿಕ್ಕಿಸಿ ಸುತ್ತ ತಿರುಗಿಸಿದಾಗ ಅದು ಮಣ್ಣನ್ನು ಹೆರೆದು ಉರುಟಾದ ಆಕಾರಕ್ಕೆ ತರುತ್ತದೆ.

ಮಣ್ಣೆಂದರೆ ಜೇಡಿ ಮತ್ತು ಮರಳಿನ ಜೊತೆ ಸಗಣಿ ಅಥವಾ ಕುದುರೆ ಲದ್ದಿ ಬೆರೆಸಿ ಕಲಸಿದ ಮಿಶ್ರಣ. ಸಗಣಿಯ ನಾರು ಮಣ್ಣು ಒಣಗುವಾಗ ಸೀಳದಂತೆ ಹಿಡಿದುಕೊಳ್ಳುತ್ತದೆ. ಸುಟ್ಟಾಗ ತಾನು ಉರಿದುಹೋಗಿ ಸಣ್ಣ ರಂಧ್ರಗಳನ್ನು ಬಿಡುತ್ತದೆ. ಅಚ್ಚಿನೊಳಗಿನ ಅನಿಲಕ್ಕೆ ಅವೇ ಹೊರದಾರಿ. ಆರುತ್ತಾ ಕುಗ್ಗುವ ಕಂಚು ಒಳಗಿನ ಮಣ್ಣನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಮಣ್ಣು ಸ್ವಲ್ಪವೂ ಜಗ್ಗದಿದ್ದರೆ ಗಂಟೆಯೇ ಬಿರಿಯುತ್ತದೆ. ಅದಕ್ಕಾಗಿಯೂ ಈ ಟೊಳ್ಳು ಬೇಕು.

ಮೂರು ಪದರಗಳು

ಇಟ್ಟಿಗೆಯಿಂದ ಒಂದು ಪೊಳ್ಳು ಗೋಪುರ ಕಟ್ಟಿ, ಅದರ ಮೇಲೆ ಮಣ್ಣು ಮೆತ್ತಿ, ಮೊದಲ ಹಲಗೆ ತಿರುಗಿಸಿ. ಇದು ಒಳ ಅಚ್ಚು. ಪ್ರತಿ ಪದರವೂ ಬೆರಳಿನಷ್ಟೇ ದಪ್ಪವಿರಲಿ; ಗೋಪುರದೊಳಗೆ ಇದ್ದಿಲಿನ ಸಣ್ಣ ಕೆಂಡವಿಟ್ಟು, ಅದು ಒಣಗಿದ ಮೇಲೆಯೇ ಮುಂದಿನ ಪದರ. ಕೊನೆಯ ಪದರಕ್ಕೆ ಬಟ್ಟೆಯಲ್ಲಿ ಸೋಸಿದ ನಯವಾದ ಮಣ್ಣು. ಒಣಗಿದ ಮೈಗೆ ಬೂದಿ ನೀರು ಬಳಿದರೆ ಮೇಲಿನ ಪದರ ಅಂಟಿಕೊಳ್ಳುವುದಿಲ್ಲ.

ಈಗ ಎರಡನೆಯ ಹಲಗೆಯಿಂದ ಇದರ ಮೇಲೆ ಮಣ್ಣಿನದೇ ಒಂದು ಗಂಟೆ ಮಾಡಬೇಕು. ದಪ್ಪ, ಆಕಾರ ಎಲ್ಲವೂ ಮುಂದೆ ಬರಲಿರುವ ಕಂಚಿನ ಗಂಟೆಯದೇ. ಹೆಸರು, ಹೂಬಳ್ಳಿ ಏನಾದರೂ ಬೇಕೆನಿಸಿದರೆ ಜೇನುಮೇಣದಲ್ಲಿ ಮಾಡಿ ಅದರ ಮೈಗೆ ಅಂಟಿಸಿ, ಇಡೀ ಮೈಗೆ ಕೊಬ್ಬು ಸವರಿ. ಅದರ ಮೇಲೆ ಹೊರ ಅಚ್ಚು. ಮೊದಲ ಪದರವನ್ನು ಕುಂಚದಿಂದ ಬಳಿಯುವಷ್ಟು ತೆಳುವಾಗಿ ಕಲಸಿಕೊಳ್ಳಿ. ಅಕ್ಷರದ ಸಂದುಗಳಲ್ಲಿ ಗಾಳಿ ಉಳಿದರೆ ಅಲ್ಲಿ ಕಂಚಿನ ಗಂಟುಗಳು ಏಳುತ್ತವೆ. ಮುಂದಿನ ಪದರಗಳು ಒರಟಾಗಿದ್ದರೂ ನಡೆಯುತ್ತದೆ. ನಡುವೆ ಕಬ್ಬಿಣದ ಪಟ್ಟಿ ಸುತ್ತಿ ಬಿಗಿಯಬೇಕು.

ಎಲ್ಲವೂ ಒಣಗಿ, ಕಾವಿಗೆ ಮೇಣ ಕರಗಿಹೋದ ಮೇಲೆ ಒಳಹೊರಗಿನ ಅಚ್ಚುಗಳಿಗೆ ಸೇರಿಸಿ ಗುರುತು ಹಾಕಿಕೊಂಡು ಹೊರ ಅಚ್ಚನ್ನು ನೇರವಾಗಿ ಮೇಲಕ್ಕೆತ್ತಿ. ಮಣ್ಣಿನ ಗಂಟೆಯನ್ನು ಒಡೆದು ತೆಗೆಯಿರಿ. ಎರಡೂ ಅಚ್ಚುಗಳನ್ನು ಮಂಕಾದ ಕೆಂಪು ಬಣ್ಣ ಬರುವ ತನಕ ಸುಟ್ಟು, ಬಿರುಕುಗಳನ್ನು ಮುಚ್ಚಿ, ಮತ್ತೆ ಒಣಗಿಸಿ, ಗುರುತಿಗೆ ಗುರುತು ಕೂಡುವಂತೆ ಜೋಡಿಸಿ. ಆ ಗಂಟೆ ಇದ್ದ ಖಾಲಿ ಜಾಗವೇ ಇನ್ನು ಕಂಚಿನದು. ಗಂಟೆಯ ತಲೆಗೆ ತೂಗುಹಾಕುವ ಕಿವಿ, ಲೋಹ ಹೊಯ್ಯುವ ದಾರಿ, ಗಾಳಿ ಹೊರಡುವ ದಾರಿ ಇವಿಷ್ಟನ್ನು ಬೇರೆಯಾಗಿ ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ ಸುಟ್ಟು, ಮೇಲೆ ಕೂರಿಸಬೇಕು.

ತೇವದ ವಿಷಯದಲ್ಲಿ ಮಾತ್ರ ಸ್ವಲ್ಪವೂ ರಿಯಾಯಿತಿ ಇಲ್ಲ. ಅಚ್ಚಿನಲ್ಲಿ ಉಳಿದ ನೀರು ಕರಗಿದ ಲೋಹ ತಾಗಿದೊಡನೆ ಹಬೆಯಾಗಿ ಸಿಡಿದು ಲೋಹವನ್ನು ಹೊರಗೆ ಎರಚುತ್ತದೆ. ಬೆಚ್ಚಗಿನ ಅಚ್ಚಿನ ಬಾಯಿಗೆ ತಣ್ಣನೆಯ ಕನ್ನಡಿ ಹಿಡಿಯಿರಿ. ಮಂಜು ಕಟ್ಟಿದರೆ ಇನ್ನೂ ಸುಡಬೇಕು. ಆಮೇಲೆ ಅಚ್ಚನ್ನು ಒಣ ಗುಂಡಿಯಲ್ಲಿಟ್ಟು ಸುತ್ತ ಒಣಮಣ್ಣು ತುಂಬಿ ಬಲವಾಗಿ ದಮ್ಮಸು ಮಾಡಿ. ಕಂಚು ನೀರಿಗಿಂತ ಎಂಟು ಪಟ್ಟಿಗೂ ಮಿಕ್ಕಿ ಭಾರ. ಸಡಿಲವಾಗಿದ್ದರೆ ಹೊರ ಅಚ್ಚನ್ನೇ ಎತ್ತಿಬಿಡುತ್ತದೆ.

ಲೋಹ ಮತ್ತು ಬೆಂಕಿ

ಗಂಟೆಯ ಕಂಚಿನಲ್ಲಿ ತಾಮ್ರ 78 ಪಾಲು, ತವರ 22 ಪಾಲು. ತವರ ಹತ್ತೇ ಪಾಲಿದ್ದರೆ ಲೋಹ ಗಟ್ಟಿಮುಟ್ಟಾಗಿರುತ್ತದೆ, ನಾದ ಬೇಗ ಸಾಯುತ್ತದೆ. 25 ದಾಟಿದರೆ ಗಾಜಿನಷ್ಟು ಬಿರುಸು. ಹಳೆಯ ಪಾತ್ರೆ, ನಲ್ಲಿ ಮುಂತಾದ ಗುಜರಿ ಬೆರೆಸಬೇಡಿ. ಹಿತ್ತಾಳೆಯ ಸತು 907 ಡಿಗ್ರಿಯಲ್ಲಿ ಕುದಿದು ಬಿಳಿ ಹೊಗೆಯಾಗುತ್ತದೆ, ಉಸಿರಾಡಿದವರಿಗೆ ಜ್ವರ ಬರುತ್ತದೆ. ಸೀಸ ವಿಷ, ನಾದಕ್ಕೂ ಶತ್ರು.

ಹೊಯ್ಯುವ ದಾರಿಯಲ್ಲಿ ನಿಲ್ಲುವ ಲೋಹವನ್ನೂ ಸೇರಿಸಿ 26 ಕಿಲೋ ಸಿದ್ಧವಿರಲಿ. ಕರಗಿದಾಗ ಅದು ಸುಮಾರು ಮೂರು ಲೀಟರ್ ಜಾಗವನ್ನಷ್ಟೇ ಹಿಡಿಯುತ್ತದೆ. ಗ್ರಾಫೈಟ್ ಮೂಸೆಯಲ್ಲಿ ಮೊದಲು ತಾಮ್ರ. ಅದು 1085 ಡಿಗ್ರಿಯಲ್ಲಿ ಕರಗುತ್ತದೆ. ಮೇಲೆ ಇದ್ದಿಲಿನ ಹೊದಿಕೆ ಇರಬೇಕು. ತವರ 232 ಡಿಗ್ರಿಗೇ ಕರಗುವಂಥದ್ದು, ಬೇಗ ಉರಿದು ಕಿಟ್ಟವಾಗುವಂಥದ್ದು. ಆದ್ದರಿಂದ ಕೊನೆಯಲ್ಲಿ, ಬಿಸಿಮಾಡಿ ಒಣಗಿಸಿದ ಮೇಲೆಯೇ ಹಾಕಿ ಕಲಕಬೇಕು. ಮೂಸೆಯೊಳಗೆ ಇಳಿಯುವ ಪ್ರತಿ ಲೋಹದ ತುಂಡಿಗೂ, ಕಬ್ಬಿಣದ ಸಲಾಕೆಗೂ ಇದೇ ನಿಯಮ.

ಸುಮಾರು 1100 ಡಿಗ್ರಿಗೆ ಬಂದಾಗ ಕಿಟ್ಟ ತೆಗೆದು ಹೊಯ್ಯಲು ಹೊರಡಿ. ಚರ್ಮದ ಏಪ್ರನ್, ಚರ್ಮದ ಬೂಟು, ಮುಖಗವಚ ಇರಲೇಬೇಕು. ನೈಲಾನ್ ಬಟ್ಟೆ ಮೈಮೇಲಿರಬಾರದು. ಕಾಂಕ್ರೀಟ್ ನೆಲದ ಮೇಲೆ ಈ ಕೆಲಸ ಬೇಡ, ಬಿಸಿ ಲೋಹ ಬಿದ್ದರೆ ಅದು ಸಿಡಿಯುತ್ತದೆ. ದಪ್ಪಗೆ ಒಣ ಮರಳು ಹರಡಿಕೊಳ್ಳಿ. ಧಾರೆ ಕಡಿಯದಂತೆ ಒಂದೇ ಸಮನೆ ಹೊಯ್ಯಬೇಕು. ನಡುವೆ ನಿಂತರೆ ಹೆಪ್ಪುಗಟ್ಟಿದ ಲೋಹಕ್ಕೆ ಹೊಸದು ಕೂಡದೆ, ಕಣ್ಣಿಗೆ ಕಾಣದ ಸೀಳು ಉಳಿಯುತ್ತದೆ. ಗಾಳಿಯ ದಾರಿಯಲ್ಲಿ ಕಂಚು ಮೇಲೆ ಬಂದಾಗ ಅಚ್ಚು ತುಂಬಿತು.

ನುಡಿಸುವ ಮುನ್ನ

ಮರುದಿನದವರೆಗೆ ಗುಂಡಿಯನ್ನು ಮುಟ್ಟಬೇಡಿ. ಬೇಗ ಆರಿಸಲೆಂದು ನೀರು ಹಾಕಿದರೆ ಬಿರಿಯುವುದು ಖಂಡಿತ. 1735ರಲ್ಲಿ ಎರಕ ಹೊಯ್ದ ಮಾಸ್ಕೋದ ಮಹಾಗಂಟೆ 200 ಟನ್ ತೂಕದ್ದು. 1737ರ ಬೆಂಕಿ ಅನಾಹುತದಲ್ಲಿ ಅದರಿಂದ ಹನ್ನೊಂದೂವರೆ ಟನ್ನಿನ ತುಂಡು ಮುರಿದು ಬಿತ್ತು; ಕಾದ ಕಂಚಿಗೆ ನೀರು ಬಿದ್ದದ್ದೇ ಕಾರಣವೆಂದು ಹೇಳುತ್ತಾರೆ.

ಮಣ್ಣು ಕೆರೆದು, ಹೊಯ್ದ ದಾರಿಯ ಲೋಹವನ್ನು ಗರಗಸದಿಂದ ಕತ್ತರಿಸಿ. ಸುತ್ತಿಗೆಯಿಂದ ಬಡಿಯಬಾರದು. ತೂಗುಹಾಕಿ ಮರದ ಕೊಡತಿಯಿಂದ ಮೃದುವಾಗಿ ತಟ್ಟಿ ಕೇಳಿ. ಒಂದೇ ಏಟಿಗೆ ಹಲವು ಸ್ವರಗಳು ಹೊರಡುತ್ತವೆ; ಅವನ್ನು ಹೊಂದಿಸುವುದು ಒಳಮೈಯನ್ನು ಸ್ವಲ್ಪಸ್ವಲ್ಪವೇ ಹೆರೆಯುವುದರಿಂದ. ನಾಲಗೆ ಗಂಟೆಗಿಂತ ಮೆದುವಾದ ಕಬ್ಬಿಣದ್ದಾಗಿರಲಿ, 20 ಕಿಲೋ ಗಂಟೆಗೆ ಒಂದು ಕಿಲೋ ಮೀರದಿರಲಿ.

ಗಂಟೆ ಬಿರುಕು ಬಿಟ್ಟಿದ್ದರೂ ಲೋಹ ನಷ್ಟವಾಗುವುದಿಲ್ಲ. ಲಂಡನ್ನಿನ ಬಿಗ್ ಬೆನ್‌ಗಾಗಿ 1856ರಲ್ಲಿ ಹೊಯ್ದ ಮೊದಲ ಗಂಟೆ ಪರೀಕ್ಷೆಯಲ್ಲೇ ಬಿರಿಯಿತು; ಅದೇ ಲೋಹವನ್ನು ಕರಗಿಸಿ 1858ರಲ್ಲಿ ಈಗಿನ ಗಂಟೆಯನ್ನು ಮಾಡಿದರು. ನೀವೂ ಒಡೆದು ಕರಗಿಸಿ. ತವರದ ಒಂದಿಷ್ಟು ಪಾಲು ಮೊದಲ ಸಲವೇ ಉರಿದುಹೋಗಿರುವುದರಿಂದ ಸ್ವಲ್ಪ ಹೊಸ ತವರ ಸೇರಿಸಿ. ಅಚ್ಚನ್ನು ಮಾತ್ರ ಮೊದಲಿನಿಂದ ಕಟ್ಟಬೇಕು, ಹಲಗೆಗಳು ಹೇಗೂ ಉಳಿದಿರುತ್ತವೆ.