ಯುವವಾಣಿಯನ್ನು ಮಣೂಕ ಶೆಡ್ಡಿಗೆ ಒಯ್ದ ಮೇಲೆ

ಹುಡುಗರು ರೇಡಿಯೋ ಕೇಳಲ್ಲ ಅಂತ ನಮ್ಮವರೇ ಎಷ್ಟು ಸಲ ಹೇಳಿದ್ದರೋ! ಈಗ ವಿಜಯಪುರದ ಕಾಲೇಜು ಹುಡುಗರು ಫೋನ್ ಮಾಡಿ "ಈ ವಾರ ಯಾವ ಊರ್‍ರೀ?" ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಕಾಶವಾಣಿಯಲ್ಲಿ ಕ್ಯಾಶುವಲ್ ಉದ್ಘೋಷಕ. ಯುವಜನರ ಕಾರ್ಯಕ್ರಮ ಯುವವಾಣಿಗೆ ಮೊದಲು ಹಾಡು ಜಾಸ್ತಿ ಮಾಡಿದೆವು, ನಡೆಯಲಿಲ್ಲ. ಹಾಡು ಅವರ ಜೇಬಿನಲ್ಲೇ ಇದೆ. ರಸಪ್ರಶ್ನೆ ಇಟ್ಟೆವು. ಪಿಎಸ್‌ಐ ಪರೀಕ್ಷೆಗೆ ಓದುವ ಅದೇ ಐದಾರು ಮಂದಿ ಪ್ರತಿ ಸಲ ಉತ್ತರ ಹೇಳಿದರು. 1950ರಲ್ಲಿ ಶುರುವಾದ ಧಾರವಾಡ ಕೇಂದ್ರದ ಮೀಡಿಯಂ ವೇವ್ ನಮ್ಮ ಹೊಲಗಳ ತನಕ ಬರುತ್ತದೆ ನಿಜ, ಆದರೆ ಮೊಬೈಲ್ ಅದನ್ನು ಹಿಡಿಯಲ್ಲ. ಎಫ್‌ಎಂಗೂ ಇಯರ್‌ಫೋನ್ ವೈರೇ ಆಂಟೆನಾ ಆಗಬೇಕು. ಈಗಿನ ಎಷ್ಟೋ ಫೋನಿಗೆ ಆ ತೂತೇ ಇಲ್ಲ! ಉಳಿದದ್ದು ಇಂಟರ್ನೆಟ್ಟಿನಲ್ಲಿ ಆಕಾಶವಾಣಿ ಕೇಳಿಸುವ ನ್ಯೂಸ್ ಆನ್ ಏರ್ ಆ್ಯಪ್. ಅದನ್ನು ತೆರೆಯೋಕೆ ಅವರಿಗೊಂದು ಕಾರಣ ಬೇಕಲ್ವಾ?

ಅದಕ್ಕೇ ಮೈಕ್ ಹಿಡಿದು ಅವರ ಊರಿಗೇ ಹೊರಟೆ. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ತಿಕೋಟಾ ಕಡೆಯ ಒಂದು ಶೆಡ್ಡಿಗೆ ಹೋದೆ. ಡಿಪ್ಲೊಮಾ ಓದಿದ ಹುಡುಗ ಪೊಟ್ಯಾಶಿಯಂ ಕಾರ್ಬೊನೇಟ್, ಎಣ್ಣೆ ಕಲಸಿದ ನೀರಿಗೆ ದ್ರಾಕ್ಷಿ ಅದ್ದಿ ಜಾಳಿಗೆಯ ಮೇಲೆ ಹರವುತ್ತಿದ್ದ. "ಮಳಿ ಬಂದ್ರ ಮುಗೀತ್ರೀ, ಕರ್ರಗ ಆಗ್ತಾವ, ರೇಟ ಅರ್ಧಾ" ಅಂದ. ಒಂದಕ್ಷರ ತಿದ್ದದೆ ಹಾಕಿದೆ. ಹಿರಿಯರೊಬ್ಬರು "ಇದು ರೇಡಿಯೋ ಕನ್ನಡವೇನ್ರೀ?" ಅಂದರು. ಅಥಣಿ, ಜಮಖಂಡಿಯಿಂದೆಲ್ಲ ಫೋನ್ ಬಂದದ್ದು ಆ ವಾರವೇ!

ಮಾತು ಆರೇಳು ನಿಮಿಷ ಸಾಕು. ಹಿಂದಿನ ದಿನವೇ ಅರ್ಧ ನಿಮಿಷದ ತುಣುಕು ಆ ಊರಿನ ವಾಟ್ಸಾಪ್ ಗುಂಪಿಗೆ ಹೋಗಬೇಕು. ಗಾಳಿ ತಡೆಯಲು ಮೈಕಿಗೆ ಕಾಲುಚೀಲ ಹಾಕುತ್ತೇನೆ, ನಗಬೇಡಿ. ಮೈಕ್ ನೋಡಿ ಬಿಗಿಯಾಗುವ ಹುಡುಗರನ್ನು ಸಡಿಲ ಮಾಡೋದು ಹೇಗೆ ಅನ್ನೋದನ್ನು ಮಾತ್ರ ಹೇಳಲ್ಲ. ಅದು ನನ್ನ ಬಂಡವಾಳ.

ಮೈಕಿಗೆ ಎರಡು ಸಾವಿರದ ಹತ್ತಿರ ಹೋಯಿತು. ಪೆಟ್ರೋಲು, ಚಹಾ ಸೇರಿ ಒಂದು ಊರಿಗೆ ಮುನ್ನೂರರ ಮೇಲೆ ಕೈಯಿಂದಲೇ. ಈಗ ಒಂದೇ ದಾರಿಯ ಎರಡು ಊರು ಒಟ್ಟಿಗೆ ಮುಗಿಸುತ್ತೇನೆ, ಸ್ವಲ್ಪ ಉಳಿಯುತ್ತದೆ.

ನಡುವೆ ಸುಮ್ನೆ ರೀಲ್ಸ್ ಮಾಡಿ ನೋಡಿದೆ. ನೋಡಿದವರು ಸಾವಿರಾರು, ರೇಡಿಯೋಕ್ಕೆ ಬಂದವರು ಬೆರಳೆಣಿಕೆ. ತಾಂಡಾದಲ್ಲಿ ಅಜ್ಜಿಯೊಬ್ಬರು ಲಂಬಾಣಿ ಹಾಡಿದರು, ಮೊಮ್ಮಗಳು ಕನ್ನಡದಲ್ಲಿ ಅರ್ಥ ಹೇಳಿದಳು. ಗೋವಾಕ್ಕೆ ದುಡಿಯಲು ಹೋದ ಅದೇ ತಾಂಡಾದ ಹುಡುಗರು ಅಲ್ಲಿಂದಲೇ ಆ್ಯಪಿನಲ್ಲಿ ಕೇಳಿದರು. ಇದನ್ನು ನಾನೂ ಎಣಿಸಿರಲಿಲ್ಲ.

ಮುಂದಿನದು ನಮ್ಮ ಇಂಡಿ ಊರಿನ ನಿಂಬೆಹಣ್ಣಿನ ಮಾರುಕಟ್ಟೆ. ಹರಾಜಿನ ಗದ್ದಲದಲ್ಲಿ ಒಬ್ಬರ ದನಿ ಬಿಡಿಸಿ ಹಿಡಿಯೋದು ಇನ್ನೂ ಸಾಧ್ಯವಾಗಿಲ್ಲ. ಮಾಡಿದವರಿದ್ದರೆ ತಿಳಿಸಿ.