ಡಿಫ್ ಲಾಕ್ ಮಾಡೋದಾ, ಬಿಡೋದಾ? ಬಾಹಾ ಬಗ್ಗಿಯಲ್ಲಿ ನನ್ನ ಅನುಭವ

ಕಾಲೇಜಿನ ಬಾಹಾ ಟೀಮ್‌ಗೆ (ಕಚ್ಚಾ ದಾರಿಯಲ್ಲಿ ಓಡುವ ಚಿಕ್ಕ ಬಗ್ಗಿಯನ್ನು ಸ್ಪರ್ಧೆಗೆ ಕಟ್ಟುವ ವಿದ್ಯಾರ್ಥಿಗಳ ತಂಡ) ಹೊಸದಾಗಿ ಸೇರಿದ ಹುಡುಗರು ಫೋನ್ ಮಾಡಿದರೆ ಮೊದಲ ಪ್ರಶ್ನೆ ಇದೇ: “ಅಣ್ಣಾ, ಡಿಫ್ ಲಾಕ್ ಮಾಡೂಣೋ, ಹಂಗ ಬಿಡೂಣೋ?” ಡಿಫ್ ಅಂದರೆ ಡಿಫರೆನ್ಷಿಯಲ್, ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಲಾಕ್ ಮಾಡುವುದು ಅಂದರೆ ಎರಡನ್ನೂ ಒಟ್ಟಿಗೇ ತಿರುಗುವಂತೆ ಕಟ್ಟಿಬಿಡುವುದು. ನಾನು ತಿರುಗಿ ಕೇಳುತ್ತೇನೆ: ತಿರುವಿನಲ್ಲಿ ನಿಮ್ಮ ಗಾಡಿಯ ಒಳಬದಿಯ ಹಿಂದಿನ ಚಕ್ರ ನೆಲಕ್ಕೆ ಒತ್ತಿಕೊಂಡಿರುತ್ತಾ, ಎದ್ದಿರುತ್ತಾ? ಹೆಚ್ಚಿನವರು ಅದನ್ನು ನೋಡಿಯೇ ಇರುವುದಿಲ್ಲ. ಅದು ಗೊತ್ತಿಲ್ಲದೆ ಲಾಕರ್ (ಲಾಕ್ ಆಗಿ ಮತ್ತೆ ಬಿಡುವ ಡಿಫ್) ಒಳ್ಳೆಯದೋ ಸ್ಪೂಲ್ (ಸದಾ ಲಾಕ್) ಒಳ್ಳೆಯದೋ ಅಂತ ವಾದ ಮಾಡಿ ಏನೂ ಸಿಗುವುದಿಲ್ಲ.

ನಮ್ಮ ಗಾಡಿ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕಟ್ಟಿದ್ದು. ಸ್ಪರ್ಧೆ ನಡೆಯುವುದು ಇಂದೋರ್ ಹತ್ತಿರದ ಪೀಥಂಪುರದಲ್ಲಿ. ಬ್ರಿಗ್ಸ್ ಅಂಡ್ ಸ್ಟ್ರಾಟನ್‌ನ 305 ಸಿಸಿ, 10 ಎಚ್‌ಪಿ ಇಂಜಿನ್, ನಮ್ಮ ಪೆಟ್ರೋಲ್ ವಿಭಾಗದ ಎಲ್ಲ ಟೀಮ್‌ಗೂ ಆಗ ಅದೇ. ಅದರ ಮುಂದೆ ಸಿವಿಟಿ (ಬೆಲ್ಟಿನಿಂದ ತಾನಾಗಿಯೇ ಗೇರ್ ಅನುಪಾತ ಬದಲಿಸುವ ಸಾಧನ), ಆಮೇಲೆ ಮಹೀಂದ್ರ ಆಲ್ಫಾ ಗೇರ್‌ಬಾಕ್ಸ್. ಹೌದು, ರಸ್ತೆಯಲ್ಲಿ ಸರಕು ಹೊತ್ತು ಓಡಾಡುವ ಮೂರು ಚಕ್ರದ ಆಲ್ಫಾ ಗಾಡಿಯದೇ. ನಮ್ಮ ದೇಶದ ಎಷ್ಟೋ ಟೀಮ್‌ಗಳು ಅದನ್ನೇ ಹಾಕುತ್ತವೆ. ಅಗ್ಗ, ಗಟ್ಟಿ, ಬಿಡಿಭಾಗ ಯಾವ ಊರಲ್ಲಾದರೂ ಸಿಗುತ್ತದೆ. ಡಿಫರೆನ್ಷಿಯಲ್ ಅದರ ಒಳಗೇ ಇರುತ್ತದೆ, ಮಾಮೂಲಿ ಓಪನ್ ಡಿಫ್, ಅಂದರೆ ಲಾಕ್ ಇಲ್ಲದ್ದು.

ಓಪನ್ ಡಿಫ್ ಎರಡೂ ಚಕ್ರಕ್ಕೆ ಒಂದೇ ಅಳತೆಯ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿ ಇದ್ದರೆ ಅದನ್ನು ತಿರುಗಿಸಲು ಟಾರ್ಕ್ ಬೇಕಾಗಿಯೇ ಇಲ್ಲ. ಹಾಗಾಗಿ ನೆಲದ ಮೇಲಿರುವ ಚಕ್ರಕ್ಕೂ ಏನೂ ಸಿಗುವುದಿಲ್ಲ. ಗುಂಡಿ, ದಿಬ್ಬ, ಮರದ ದಿಮ್ಮಿ ದಾಟುವಾಗ ಹಿಂದಿನ ಒಂದು ಚಕ್ರ ಏಳುವುದು ಬಗ್ಗಿಗೆ ದಿನನಿತ್ಯದ ವಿಷಯ. 10 ಎಚ್‌ಪಿಯನ್ನು ಹಾಗೆ ಗಾಳಿಗೆ ಬಿಡುವುದು ಹೊಟ್ಟೆ ಉರಿಯುವ ಕೆಲಸ.

ಸ್ಪೂಲ್ ಅಂದರೆ ಡಿಫ್ ಇಲ್ಲವೇ ಇಲ್ಲ, ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ಇದರಿಂದ ತಿರುವಿನಲ್ಲಿ ತೊಂದರೆ ಅಂತ ಎಲ್ಲರಿಗೂ ಗೊತ್ತು. ಎಷ್ಟು ತೊಂದರೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ, ಮಜಾ ಇದೆ. ನಮ್ಮ ಹಿಂದಿನ ಟ್ರ್ಯಾಕ್ ಅಗಲ (ಎಡ, ಬಲ ಚಕ್ರಗಳ ನಡುವಿನ ಅಂತರ) 1.25 ಮೀಟರ್. 90 ಡಿಗ್ರಿ ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ಓಡುವ ದೂರ 1.25 ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆಯ ಕಾಲು ಭಾಗ, ಅಂದರೆ 1.96 ಮೀಟರ್. ತಿರುವು ಚಿಕ್ಕದಿರಲಿ, ದೊಡ್ಡದಿರಲಿ, ಈ ಅಂಕಿ ಬದಲಾಗಲ್ಲ. 23 ಇಂಚಿನ ಟೈರಿನ ಒಂದು ಸುತ್ತು ಸುಮಾರು 1.8 ಮೀಟರ್. ಅಂದರೆ ಪ್ರತಿ 90 ಡಿಗ್ರಿ ತಿರುವಿಗೂ ಒಂದು ಸುತ್ತಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸವನ್ನು ಟೈರ್ ಎಲ್ಲೋ ಉಜ್ಜಿಕೊಂಡೇ ತೀರಿಸಬೇಕು. ದೊಡ್ಡ ತಿರುವಿನಲ್ಲಿ ಅದು ಉದ್ದಕ್ಕೂ ಹಂಚಿಹೋಗುತ್ತದೆ, ಗೊತ್ತಾಗಲ್ಲ. ಹೇರ್‌ಪಿನ್‌ನಲ್ಲಿ (ಬಂದ ದಿಕ್ಕಿಗೇ ಹೊರಳುವ ಬಿಗಿ ತಿರುವು) ನಾಲ್ಕಾರು ಮೀಟರ್ ಒಳಗೇ ಉಜ್ಜಬೇಕು. ಟೈರ್ ಉಜ್ಜಲು ಒಪ್ಪದಿದ್ದರೆ ಗಾಡಿ ತಿರುಗುವುದಿಲ್ಲ, ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಮೂಗು ನೇರಕ್ಕೇ ಹೋಗುತ್ತದೆ.

ಈ ಎರಡರ ನಡುವೆ ಬೇರೆ ದಾರಿಗಳೂ ಇವೆ ಅಲ್ವಾ? ಇವೆ, ಆದರೆ ನಮ್ಮ ಗಾತ್ರದ ಗಾಡಿಗೆ ಒಂದೊಂದೂ ಒಂದೊಂದು ಕಡೆ ಕೈಕೊಡುತ್ತದೆ. ಟಾರ್ಸನ್, ಕ್ವೈಫ್ ತರಹದ ಹೆಲಿಕಲ್ ಡಿಫ್ ಜಾರುವ ಚಕ್ರದ ಟಾರ್ಕನ್ನು ಎರಡು ಮೂರು ಪಟ್ಟು ಮಾಡಿ ಇನ್ನೊಂದಕ್ಕೆ ಕೊಡುತ್ತದೆ. ಡಾಂಬರು ರಸ್ತೆಗೆ ಸೊಗಸು. ಚಕ್ರ ಎದ್ದಾಗ ಮಾತ್ರ ಸೊನ್ನೆಯ ಮೂರು ಪಟ್ಟು ಸೊನ್ನೆಯೇ. ಎಆರ್‌ಬಿ ಏರ್ ಲಾಕರ್ ಸ್ವಿಚ್ ಒತ್ತಿದರೆ ಲಾಕ್, ಬಿಟ್ಟರೆ ಓಪನ್. ಜೀಪಿನಲ್ಲಿ ಕಲ್ಲು ಹತ್ತುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ನಮಗೆ ಅದರ ಕಂಪ್ರೆಸರ್ ಹೊರುವ ಶಕ್ತಿಯೂ ಇಲ್ಲ, ಆಲ್ಫಾ ಗೇರ್‌ಬಾಕ್ಸ್‌ಗೆ ಅದು ಹೊಂದುವುದೂ ಇಲ್ಲ. ಥಾರ್, ಬೊಲೆರೊ ನಿಯೊದ ಕೆಲವು ಮಾಡೆಲ್‌ಗಳಲ್ಲಿ ಬರುವ ಈಟನ್ ಲಾಕರ್ ತಾನಾಗಿಯೇ ಲಾಕ್ ಆಗುವಂಥದ್ದು. ಎರಡು ಚಕ್ರದ ವೇಗದ ವ್ಯತ್ಯಾಸ ಸುಮಾರು 100 ಆರ್‌ಪಿಎಂ ದಾಟಬೇಕು, ಗಾಡಿ ಸುಮಾರು 32 ಕಿ.ಮೀ. ವೇಗದ ಒಳಗಿರಬೇಕು. ಕೆಸರಿನಲ್ಲಿ ಸಿಕ್ಕಿಕೊಂಡವರಿಗೆ ಅದು ದೇವರು. ದಿಬ್ಬದಿಂದ ದಿಬ್ಬಕ್ಕೆ ಹಾರುವ ರೇಸಿನಲ್ಲಿ ಅದು ಎಚ್ಚರಗೊಳ್ಳುವ ಹೊತ್ತಿಗೆ ಚಕ್ರ ಮತ್ತೆ ನೆಲಕ್ಕೆ ಬಂದಿರುತ್ತದೆ.

ಡೆಟ್ರಾಯಿಟ್ ಲಾಕರ್ ನನಗೆ ತುಂಬಾ ಆಸೆ ಹುಟ್ಟಿಸಿದ್ದು. ಸಕಲೇಶಪುರದ ಕಾಫಿ ತೋಟದ ದಾರಿಯಲ್ಲಿ ಗೆಳೆಯನ ಜೀಪು ಓಡಿಸಿ ನೋಡಿದ್ದೆ. ಅದು ಎರಡೂ ಚಕ್ರಕ್ಕೆ ಹಲ್ಲು ಕಚ್ಚಿಸಿ ಇಟ್ಟಿರುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಮುಂದೆ ಓಡಿದರೆ ಆ ಬದಿಯ ಹಲ್ಲು ಬಿಡುತ್ತದೆ, ಆಗ ಒಳಗಿನ ಚಕ್ರವೇ ಗಾಡಿ ತಳ್ಳುತ್ತದೆ. ಆಕ್ಸಿಲರೇಟರ್ ಒತ್ತುವುದು, ಬಿಡುವುದು ಮಾಡಿದಂತೆ ಅದು ಹಿಡಿದು ಬಿಟ್ಟು ಮಾಡುತ್ತದೆ, “ಟಣ್” ಅಂತ ಶಬ್ದದ ಸಮೇತ. ಒಂದೂವರೆ ಟನ್ನಿನ ಜೀಪು ಅದನ್ನು ನುಂಗಿಕೊಳ್ಳುತ್ತದೆ. ಡ್ರೈವರ್ ಸೇರಿ 250 ಕಿಲೋ ಇರುವ, ವ್ಹೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಗಿಡ್ಡ ಇರುವ ಬಗ್ಗಿಯಲ್ಲಿ ಅದೇ ಹೊಡೆತ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಪೂಲ್ ಕೆಟ್ಟದ್ದಾದರೂ ಯಾವಾಗಲೂ ಒಂದೇ ತರಹ ಕೆಟ್ಟದ್ದು. ಡ್ರೈವರ್ ಅದಕ್ಕೆ ಒಗ್ಗಿಕೊಳ್ಳಬಹುದು. ನಾವು ಸ್ಪೂಲ್ ಆರಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ.

“ಬಾಹಾ 1000 ಓಡುವ ಟ್ರೋಫಿ ಟ್ರಕ್‌ಗಳಲ್ಲೂ ಸ್ಪೂಲೇ ಇರೋದು” ಅಂತ ಹುಡುಗರು ಹೇಳುತ್ತಾರೆ. ನಿಜ. ಆದರೆ ಮೆಕ್ಸಿಕೋದ ಮರುಭೂಮಿಯಲ್ಲಿ ಆ ರೇಸ್ ಓಡುವವರ ಹತ್ತಿರ ನೂರಾರು ಎಚ್‌ಪಿ ಇದೆ. ಬೇಕೆಂದಾಗ ಎರಡೂ ಟೈರನ್ನು ಜಾರಿಸಿ ಹಿಂಭಾಗ ತಿರುಗಿಸುತ್ತಾರೆ. ನಮ್ಮ 10 ಎಚ್‌ಪಿಗೆ ಗಟ್ಟಿ ನೆಲದ ಮೇಲೆ ಆ ತಾಕತ್ತಿಲ್ಲ. ನಮಗೆ ಪಾಠ ಸಿಗುವುದು ಗೋ-ಕಾರ್ಟ್‌ನಿಂದ. ಕಾರ್ಟ್‌ಗೂ ಡಿಫ್ ಇಲ್ಲ, ಹಿಂದೆ ಒಂದೇ ಆಕ್ಸಲ್. ಆದರೂ ಹೇರ್‌ಪಿನ್‌ನಲ್ಲಿ ಸಲೀಸಾಗಿ ತಿರುಗುತ್ತದೆ, ಯಾಕಂದರೆ ಸ್ಟೀರಿಂಗ್ ತಿರುಗಿಸಿದ ಕೂಡಲೇ ಅದರ ಒಳಬದಿಯ ಹಿಂದಿನ ಚಕ್ರ ನೆಲ ಬಿಡುತ್ತದೆ. ಗಾಳಿಯಲ್ಲಿರುವ ಟೈರ್ ಎಷ್ಟು ಬೇಕಾದರೂ ಸುತ್ತಲಿ, ಯಾರಿಗೂ ಅಡ್ಡಿಯಿಲ್ಲ.

ಹಾಗಾಗಿ ಸ್ಪೂಲ್ ಹಾಕುವ ಕೆಲಸ ಅರ್ಧ ಸಸ್ಪೆನ್ಷನ್‌ನಲ್ಲೇ ಇದೆ. ಹಿಂದೆ ಆಂಟಿ-ರೋಲ್ ಬಾರ್ (ಎಡ, ಬಲ ಸಸ್ಪೆನ್ಷನ್ ಸೇರಿಸುವ ಸರಳು) ಹಾಕಿದೆವು, ಗಾಡಿ ವಾಲಿದಾಗ ಒಳಗಿನ ಚಕ್ರದ ಭಾರ ಹೊರಗಿನದಕ್ಕೆ ಹೋಗಲಿ ಅಂತ. ಮುಂದೆ ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸ್ವಲ್ಪ ಹೆಚ್ಚಿಸಿದೆವು. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಹಿಂದಿನ ಲಿಮಿಟ್ ಸ್ಟ್ರಾಪ್. ಶಾಕ್ ಪೂರ್ತಿ ಚಾಚದಂತೆ ತಡೆಯುವ ಪಟ್ಟಿ ಅದು. ಅದನ್ನು ಗಿಡ್ಡ ಮಾಡಿದರೆ ಒಳಗಿನ ಚಕ್ರ ನೆಲವನ್ನು ಹುಡುಕಿಕೊಂಡು ಕೆಳಗೆ ಇಳಿಯಲಾಗುವುದಿಲ್ಲ, ಬೇಗ ಏಳುತ್ತದೆ. ಶಾಫ್ಟ್ ಬಾಗಿದ್ದರೂ ಚಕ್ರ ತಿರುಗಿಸುವ ಸಿವಿ ಜಾಯಿಂಟ್‌ನ ಕೋನವೂ ಮಿತಿಯಲ್ಲಿ ಇರುತ್ತದೆ. ಓಪನ್ ಡಿಫ್ ಇರುವ ಗಾಡಿಗೆ ಹೀಗೆ ಮಾಡಿದರೆ ಆತ್ಮಹತ್ಯೆ. ಸ್ಪೂಲ್ ಇದ್ದರೆ ಒಂದು ಚಕ್ರ ಎದ್ದರೂ ಇನ್ನೊಂದು ತಳ್ಳುತ್ತಿರುತ್ತದೆ.

ಚಕ್ರ ಎದ್ದಿದೆಯಾ ಅಂತ ಡ್ರೈವರ್‌ಗೆ ಗೊತ್ತಾಗಲ್ಲ. ನಾವು ಹೇರ್‌ಪಿನ್ ಒಳಬದಿಯಲ್ಲಿ ನೆಲಕ್ಕೆ ಹತ್ತಿರ ಮೊಬೈಲ್ ಇಟ್ಟು ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದೆವು. ಟೈರಿನ ಪಕ್ಕಕ್ಕೆ ಬಿಳಿ ಪೇಂಟಿನ ಗೆರೆ ಎಳೆದಿದ್ದೆವು. ಸ್ಟ್ರಾಪ್ ಉದ್ದ ಇದ್ದಾಗ ಒಳಗಿನ ಟೈರ್ ಮಣ್ಣನ್ನು ಹಿಂದಕ್ಕೆ ಕೆರೆಯುತ್ತಾ ಕೆಂಪು ಧೂಳು ಎಬ್ಬಿಸುತ್ತಿತ್ತು. ಗಿಡ್ಡ ಮಾಡಿದ ಮೇಲೆ ಟೈರಿನ ಅಡಿಯಲ್ಲಿ ಬೆಳಕು ಕಂಡಿತು, ಬೆರಳು ತೂರಿಸುವಷ್ಟು. ಅಷ್ಟೇ ಸಾಕು. ಅದಕ್ಕಿಂತ ಜಾಸ್ತಿ ಎತ್ತಿದರೆ ಗಾಡಿ ಮಗುಚುವ ಭಯ.

ಇನ್ನು ಸ್ಪೂಲ್ ಮಾಡುವುದು ಹೇಗೆ? ಸುಲಭದ ದಾರಿ ಡಿಫ್ ಒಳಗಿನ ಸ್ಪೈಡರ್ ಗೇರ್‌ಗಳನ್ನು (ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಚಿಕ್ಕ ಗೇರ್‌ಗಳು) ವೆಲ್ಡ್ ಮಾಡಿಬಿಡುವುದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಒಂದು ಮಷಿನ್ ಶಾಪಿನ ಕಾಕಾ ನಮ್ಮ ಡಿಫ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಅಂದರು: “ತಮ್ಮಾ, ಬೆಸುಗಿ ಹಾಕಿ ಕೊಡ್ತೀನಿ, ಆದ್ರ ಹಲ್ಲಿನ ಬುಡಕ್ಕ ಬಿರುಕು ಬಿಡ್ತದ. ಆಮ್ಯಾಲ ನನ್ನ ಕಡೆ ಬರಬ್ಯಾಡ್ರಿ.” ಗಟ್ಟಿ ಮಾಡಿದ ಗೇರಿಗೆ ವೆಲ್ಡ್ ಶಾಖ ತಾಗಿದರೆ ಬೆಸುಗೆಯ ಪಕ್ಕದ ಲೋಹ ಗಾಜಿನ ಹಾಗೆ ಪೆಡಸಾಗುತ್ತದೆ. ಮೊದಲೇ ಬಿಸಿ ಮಾಡಿ, ನಿಧಾನಕ್ಕೆ ಆರಿಸಿದರೆ ಬಾಳಿಕೆ ಬರುತ್ತದೆ, ಆದರೆ ಎಷ್ಟು ಕಾಲ ಅಂತ ಹೇಳಲಾಗದು. ಇನ್ನೊಂದು ಟೀಮಿನ ವೆಲ್ಡ್ ಮಾಡಿದ ಡಿಫ್‌ನ ಆಯಿಲ್ ಬಿಡುವಾಗ ನೋಡಿದ್ದೇನೆ. ಡ್ರೈನ್ ಪ್ಲಗ್ಗಿಗೆ ಅಂಟಿಸಿದ್ದ ಮ್ಯಾಗ್ನೆಟ್ ತುಂಬ ಅಕ್ಕಿ ಕಾಳಿನ ಗಾತ್ರದ ಹೊಳೆಯುವ ಚೂರುಗಳು.

ನಾವು ಇಎನ್ 24 ಅನ್ನುವ ಗಟ್ಟಿ ಮಿಶ್ರಲೋಹದ ಸ್ಟೀಲಿನಲ್ಲಿ ಒಂದೇ ತುಂಡು ಸ್ಪೂಲ್ ಮಾಡಿಸಿದೆವು. ಒಳಗಿನ ಗೇರ್‌ಗಳನ್ನೆಲ್ಲ ತೆಗೆದು ಆ ಜಾಗಕ್ಕೆ ಇದು ಕೂರುತ್ತದೆ, ಎರಡೂ ಬದಿಗೆ ಶಾಫ್ಟಿನ ಸ್ಪ್ಲೈನ್ (ಶಾಫ್ಟ್ ಕಚ್ಚಿ ಕೂರುವ ಹಲ್ಲುಗಳು) ವೈರ್‌ಕಟ್‌ನಲ್ಲಿ (ವಿದ್ಯುತ್ ತಂತಿಯಿಂದ ಲೋಹ ಕೊಯ್ಯುವ ಯಂತ್ರ) ಕೊಯ್ಯಿಸಿದ್ದು. ಮಾದರಿಗೆ ಹಳೆಯ ಸೈಡ್ ಗೇರ್ (ಡಿಫ್ ಒಳಗೆ ಶಾಫ್ಟ್ ಕೂರುವ ಗೇರ್) ಒಂದನ್ನು ಶಾಪಿನಲ್ಲೇ ಬಿಟ್ಟು ಬನ್ನಿ. ಡ್ರಾಯಿಂಗ್ ಮಾತ್ರ ಕೊಟ್ಟರೆ ಸ್ಪ್ಲೈನ್ ಸಡಿಲ ಬರುತ್ತದೆ.

ಹಣ ಹೆಚ್ಚು ಹೋಗುವುದು ಸ್ಪೂಲಿಗಲ್ಲ, ಗೇರ್‌ಬಾಕ್ಸ್‌ನಿಂದ ಒಂದೊಂದು ಚಕ್ರಕ್ಕೆ ಹೋಗುವ ಹಾಫ್ ಶಾಫ್ಟ್‌ಗೆ. ಓಪನ್ ಡಿಫ್‌ನಲ್ಲಿ ಒಂದು ಶಾಫ್ಟ್ ಅರ್ಧ ಟಾರ್ಕಿಗಿಂತ ಜಾಸ್ತಿ ನೋಡುವುದಿಲ್ಲ. ಸ್ಪೂಲ್ ಇದ್ದು ಒಂದು ಚಕ್ರ ಎದ್ದರೆ ಇನ್ನೊಂದರ ಮೇಲೆ ಎಲ್ಲ ಭಾರ, ಎಲ್ಲ ಟಾರ್ಕ್. ನಮ್ಮ ಲೆಕ್ಕ ಹೀಗಿತ್ತು: ಹಿಂದೆ 150 ಕಿಲೋ ಭಾರ, ಹಿಡಿತ 0.7, ಟೈರ್ ತ್ರಿಜ್ಯ 0.29 ಮೀಟರ್, ಒಟ್ಟು ಸುಮಾರು 300 ನ್ಯೂಟನ್ ಮೀಟರ್. ಆಕ್ಸಿಲರೇಟರ್ ಒತ್ತಿಕೊಂಡೇ ಹಾರಿ ಇಳಿದರೆ ಅದರ ಎರಡು ಪಟ್ಟು ಅಂತ ಇಟ್ಟುಕೊಂಡೆವು. 20 ಮಿ.ಮೀ. ಶಾಫ್ಟ್‌ನಲ್ಲಿ ಅದು 380 ಮೆಗಾಪ್ಯಾಸ್ಕಲ್ ಶಿಯರ್ (ತಿರುಚುವಿಕೆಯ ಒತ್ತಡ) ಆಗುತ್ತದೆ. ಎಳೆತದಲ್ಲಿ 650ರ ಆಸುಪಾಸಿನ ಯೀಲ್ಡ್ (ಲೋಹ ಸೋಲುವ ಮಿತಿ) ಇರುವ ಇಎನ್ 24 ಶಿಯರ್‌ನಲ್ಲಿ ಅದರ ಸುಮಾರು 0.58 ಪಟ್ಟು ಮಾತ್ರ ತಾಳುತ್ತದೆ, ಹಾಗಾಗಿ ಅದೇ ಅಂಚು. 22 ಮಿ.ಮೀ. ಮಾಡಿದರೆ 287ಕ್ಕೆ ಇಳಿಯುತ್ತದೆ. ತೂಕ 21% ಏರುತ್ತದೆ, ಬಲ 33% ಏರುತ್ತದೆ. ಇದಕ್ಕೆ ಯಾರೂ ಚೌಕಾಸಿ ಮಾಡಬೇಡಿ.

ಶಾಫ್ಟ್ ಹಾಕುವ ಮೊದಲು ಅದರ ಉದ್ದಕ್ಕೂ ಪೇಂಟಿನಿಂದ ಒಂದು ನೇರ ಗೆರೆ ಎಳೆಯಿರಿ. ಪ್ರತಿ ಓಟದ ನಂತರ ಬಟ್ಟೆಯಿಂದ ಒರೆಸಿ ನೋಡಿ. ಗೆರೆ ಸ್ವಲ್ಪ ತಿರುಚಿ ಸುರುಳಿಯಾಗಿದ್ದರೆ ಲೋಹ ಸೋತಿದೆ ಅಂತ ಅರ್ಥ, ಮುಂದಿನ ಓಟಕ್ಕೆ ಬೇರೆ ಶಾಫ್ಟ್ ಹಾಕಿ.

ಸ್ಪೂಲ್ ಕೊಟ್ಟ ಲಾಭ ಅಂದರೆ ಬ್ರೇಕ್. ಹಿಂದಿನ ಎರಡು ಚಕ್ರ ಒಂದೇ ಆದ ಮೇಲೆ ಗೇರ್‌ಬಾಕ್ಸ್ ಪಕ್ಕದಲ್ಲಿ ಒಂದೇ ಡಿಸ್ಕ್, ಒಂದೇ ಕ್ಯಾಲಿಪರ್ ಸಾಕು. ಚಕ್ರದ ಹತ್ತಿರದ ಭಾರ ಕಡಿಮೆ ಆಯಿತು, ಹೋಸ್ ಒದ್ದಾಟ ತಪ್ಪಿತು. ಆದರೆ ಒಂದು ಶಾಫ್ಟ್ ಮುರಿದರೆ ಆ ಬದಿಯ ಬ್ರೇಕೂ ಹೋಯಿತು ಅಂತ ಡ್ರೈವರ್‌ಗೆ ಮೊದಲೇ ಹೇಳಿಡಿ.

ಡ್ರೈವಿಂಗೂ ಬದಲಾಗುತ್ತದೆ. ಅರ್ಧ ಮನಸ್ಸಿನ ಆಕ್ಸಿಲರೇಟರ್ ಸ್ಪೂಲಿಗೆ ಆಗಿಬರಲ್ಲ. ಬ್ರೇಕ್ ಬಿಡುವ ಮೊದಲೇ ಸ್ಟೀರಿಂಗ್ ತಿರುಗಿಸಬೇಕು, ಭಾರ ಮುಂದೆ ಇರುವಾಗ ಹಿಂಭಾಗ ಹಗುರವಾಗಿ ಸುತ್ತುತ್ತದೆ. ಮೂಗು ತಿರುಗಿದ ಮೇಲೆ ಪೂರ್ತಿ ಒತ್ತುವುದು. ಸಡಿಲ ಮಣ್ಣಿನಲ್ಲಿ ಇದು ಆಟದಷ್ಟು ಸುಲಭ, ಒದ್ದೆ ಎರೆಮಣ್ಣಿನಲ್ಲಿ ಇನ್ನೂ ಸುಲಭ. ಕಷ್ಟ ಬರುವುದು ಗಟ್ಟಿಯಾಗಿ ಒಣಗಿದ ನೆಲದಲ್ಲಿ. ಮ್ಯಾನೂವರಬಿಲಿಟಿ (ಬಿಗಿ ತಿರುವುಗಳಲ್ಲಿ ಚುರುಕು ನೋಡುವ) ಸುತ್ತಿನಲ್ಲಿ ಓಪನ್ ಡಿಫ್‌ನ ಗಾಡಿಗಳು ನಮಗಿಂತ ಚುರುಕಾಗಿದ್ದವು, ಸುಳ್ಳು ಹೇಳಲ್ಲ. ಹಿಲ್ ಕ್ಲೈಂಬ್‌ನಲ್ಲೂ ನಾಲ್ಕು ಗಂಟೆಯ ಎಂಡ್ಯೂರೆನ್ಸ್‌ನಲ್ಲೂ ಅವು ಗುಂಡಿಯಲ್ಲಿ ಒಂದು ಚಕ್ರ ಸುತ್ತಿಸಿಕೊಂಡು ನಿಂತಿರುವಾಗ ನಾವು ಪಕ್ಕದಿಂದ ಹೋದೆವು. ಅಂಕ ಜಾಸ್ತಿ ಇರುವುದು ಎಂಡ್ಯೂರೆನ್ಸ್‌ಗೆ.

ಪಿಟ್‌ನ ಕಾಂಕ್ರೀಟ್ ಮೇಲೆ ಮಾತ್ರ ಗಾಡಿಯನ್ನು ಇಂಜಿನ್ ಹಾಕಿ ತಿರುಗಿಸಬೇಡಿ. ಶಾಫ್ಟ್ ಸ್ಪ್ರಿಂಗಿನಂತೆ ಸುತ್ತಿಕೊಂಡು ನಿಲ್ಲುತ್ತದೆ. ಹಿಂಭಾಗ ಇಬ್ಬರು ಎತ್ತಿ ಪಕ್ಕಕ್ಕೆ ಇಟ್ಟರೆ ಆಯಿತು. ಹಿಂದಿನ ಎರಡು ಟೈರಿನ ಸುತ್ತಳತೆ ಒಂದೇ ಇದೆಯಾ ಅಂತ ಟೇಪ್ ಹಿಡಿದು ನೋಡಿ. ಒಂದರಲ್ಲಿ ಗಾಳಿ ಕಡಿಮೆ ಇದ್ದರೂ ಸ್ಪೂಲ್ ಗಾಡಿ ನೇರ ದಾರಿಯಲ್ಲೇ ಒಂದು ಬದಿಗೆ ಎಳೆಯುತ್ತದೆ, ಹುಡುಗರು ಅದಕ್ಕೆ ಅಲೈನ್‌ಮೆಂಟ್ ಬಿಚ್ಚಿಕೊಂಡು ಕೂರುತ್ತಾರೆ. ಮೊದಲು ಪಂಪ್ ತೆಗೆದುಕೊಂಡು ಬನ್ನಿ.