ಚಳಿಯಲ್ಲೂ ಸುಡುವ ಬಿಸಿಲು: ಸನ್‌ಸ್ಕ್ರೀನ್ ಹಚ್ಚುವುದು ಹೇಗೆ?

ಕಳೆದ ಜನವರಿಯಲ್ಲಿ ಮುಳ್ಳಯ್ಯನಗಿರಿ ಹತ್ತಿದ್ದೆ. ತೆಳು ಮಂಜು, ನಡುನಡುವೆ ಬಿಸಿಲು. ಸ್ವೆಟರ್ ಇತ್ತು, ಟೋಪಿ ಇರಲಿಲ್ಲ. ಇಂಥ ಚಳಿಯಲ್ಲಿ ಎಂಥ ಬಿಸಿಲು ಮಾರಾಯ ಅಂದುಕೊಂಡೆ. ಮೂರನೇ ದಿನ ಮೂಗಿನ ಮೇಲೆ ಬೇಯಿಸಿದ ಆಲೂಗಡ್ಡೆಯಂತೆ ಸಿಪ್ಪೆ ಏಳತೊಡಗಿತು.

ಚರ್ಮ ಸುಡುವುದು ಬಿಸಿಲಿನ ಕಾವಿನಿಂದಲ್ಲ, ಕಣ್ಣಿಗೆ ಕಾಣದ ಯುವಿ (ಅತಿನೇರಳೆ) ಕಿರಣದಿಂದ. ಗಾಳಿ ತಣ್ಣಗಿದ್ದರೂ, ತೆಳು ಮೋಡವಿದ್ದರೂ ಅದು ಬರುತ್ತದೆ. ಸಾವಿರ ಮೀಟರ್ ಮೇಲೇರಿದರೆ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮುಳ್ಳಯ್ಯನಗಿರಿ 1,900 ಮೀಟರಿಗೂ ಜಾಸ್ತಿ ಎತ್ತರ. ಲೆಕ್ಕ ನೀವೇ ಹಾಕಿ.

ಚರ್ಮಕ್ಕೆ ತಾಗುವ ಯುವಿಯಲ್ಲಿ ಎರಡು ಬಗೆ. ಯುವಿಬಿ ಚರ್ಮದ ಮೇಲ್ಪದರವನ್ನು ಸುಟ್ಟು ಕೆಂಪಾಗಿಸುತ್ತದೆ. ಯುವಿಎ ಆಳಕ್ಕಿಳಿದು ಸುಕ್ಕು ತರುತ್ತದೆ, ಕಾರಿನ ಕಿಟಕಿ ಗಾಜನ್ನೂ ದಾಟಬಲ್ಲದು. ಎರಡೂ ಜೀವಕೋಶದ ಡಿಎನ್‌ಎ ಕೆಡಿಸುತ್ತವೆ. ಸನ್‌ಸ್ಕ್ರೀನ್ ಈ ಕಿರಣಗಳನ್ನು ತಾನೇ ಹೀರಿಕೊಂಡು, ತುಸು ಶಾಖವಾಗಿ ಹೊರಬಿಡುತ್ತದೆ. ಜಿಂಕ್ ಆಕ್ಸೈಡ್ ಇರುವಂಥದ್ದು ಕನ್ನಡಿಯಂತೆ ಕಿರಣವನ್ನು ವಾಪಸ್ ಕಳಿಸುತ್ತದೆ ಅಂತಾರೆ. ಆದರೆ ಅದೂ ಬಹುಪಾಲು ಹೀರಿಕೊಳ್ಳುವುದೇ.

ಕೊಳ್ಳುವಾಗ ಟ್ಯೂಬಿನ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) 30 ಇದೆಯಾ ನೋಡಿ. ಅದು ಯುವಿಬಿಯ ಸುಮಾರು ಶೇ 97ರಷ್ಟನ್ನು ತಡೆಯುತ್ತದೆ. 50 ಆದರೆ ಶೇ 98, ಅಷ್ಟೇ ವ್ಯತ್ಯಾಸ. ಎಸ್‌ಪಿಎಫ್ ಮುಖ್ಯವಾಗಿ ಯುವಿಬಿಯ ಲೆಕ್ಕ. ಯುವಿಎ ಎಷ್ಟು ತಡೆಯುತ್ತದೆ ಅಂತ ಹೇಳುವುದು ‘ಪಿಎ’ ಗುರುತು, ಅದರ ಪಕ್ಕದಲ್ಲಿ ಮೂರಾದರೂ ಪ್ಲಸ್ ಗುರುತು ಇರಲಿ.

ಎಲ್ಲರೂ ಎಡವುವುದು ಅಳತೆಯಲ್ಲಿ. ಬಟಾಣಿ ಕಾಳಿನಷ್ಟು ಹಚ್ಚಿದರೆ ಹಚ್ಚದಿದ್ದ ಹಾಗೇ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಕ್ರೀಮು ಮುಖ, ಕುತ್ತಿಗೆಗೆ ಬೇಕು. ಹೊರಡುವ 15–20 ನಿಮಿಷ ಮುಂಚೆ ಹಚ್ಚಿ. ಸುಮ್ನೆ ತಿಕ್ಕಿ ತಿಕ್ಕಿ ಮಾಯ ಮಾಡಬೇಡಿ, ಪದರ ಉಳಿಯಬೇಕು. ಕಿವಿ, ಕತ್ತಿನ ಹಿಂಭಾಗ, ಅಂಗೈ ಹಿಂಬದಿ ಮರೆಯಬೇಡಿ.

ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಣದಲ್ಲಿ ಕಾಫಿ ಒಣಗಿಸುವವರಿಗೆ ಅದಕ್ಕೂ ಮೊದಲೇ ಬೇಕಾಗುತ್ತದೆ. ಬೆವರು ಒರೆಸಿದ ಟವೆಲ್ಲಿಗೇ ಅರ್ಧ ಕ್ರೀಮು ಹೋಗಿರುತ್ತದೆ, ಅಲ್ವಾ? ಅವರಿಗೆ ತುಂಬುತೋಳಿನ ಅಂಗಿ, ತಲೆಗೆ ಕಟ್ಟಿದ ಬಟ್ಟೆಯೇ ಮೊದಲ ರಕ್ಷಣೆ, ಕ್ರೀಮು ಆಮೇಲಿನದು. ಕಾಫಿ ಗಿಡಕ್ಕೆ ನೆರಳಾಗಲಿ ಅಂತ ಸಿಲ್ವರ್ ಓಕ್ ನೆಡುವ ನಾವು ನಮ್ಮ ಮೂಗನ್ನು ಮಾತ್ರ ಬಯಲಿಗೆ ಬಿಟ್ಟಿರುತ್ತೇವೆ!

ಆರು ತಿಂಗಳೊಳಗಿನ ಕೂಸಿಗೆ ಕ್ರೀಮು ಬೇಡ, ನೆರಳಲ್ಲೇ ಇರಲಿ. ಮತ್ತೆ, ಟ್ಯೂಬನ್ನು ಬಿಸಿಲಲ್ಲಿ ನಿಂತ ಜೀಪಿನೊಳಗೆ ಬಿಡಬೇಡಿ. ಕಾವಿಗೆ ಅದೂ ಕೆಡುತ್ತದೆ.